ಕೋರಾ ಈಜುಡುಗೆ

ಜಗತ್ತಿನ ಹೆಂಗಸರಿಗೆ ನೂರು ವರ್ಷಕ್ಕೂ ಮೇಲೆ ಹಿಡಿದ ಕೆಲಸವನ್ನು ನಾನೊಬ್ಬಳೇ ಒಂದು ವಾರದಲ್ಲಿ ಮುಗಿಸುತ್ತೇನೆ! ಹೀಗೆಂದು ಬೆಟಗೇರಿಯ ನಮ್ಮ ಅಡಿಗೆಮನೆಯಲ್ಲಿ, ಹಂಚಿನ ಮೇಲೆ ಉಬ್ಬುತ್ತಿದ್ದ ಜೋಳದ ರೊಟ್ಟಿಯ ಸಾಕ್ಷಿಯಾಗಿ ನಾನು ಪ್ರತಿಜ್ಞೆ ಮಾಡಿದೆ. ಸಾಕ್ಷಿ ಅಲ್ಲಿಯೇ ಸೀದುಹೋಯಿತು. ಆಗಲೇ ನಾನು ತಿಳಿದುಕೊಳ್ಳಬೇಕಿತ್ತು.

ಕೆಲಸವೇನು ದೊಡ್ಡದಲ್ಲ. ನಮ್ಮ ಅತ್ತೆ ನೀಲಗಂಗವ್ವನವರನ್ನು ಕೈಹಿಡಿದು ಈ ಕಾಲಕ್ಕೆ ಕರೆದುಕೊಂಡು ಬರುವುದು, ಅಷ್ಟೇ. ಅದೂ ಬರೀ ಬಟ್ಟೆಯ ಮಟ್ಟಿಗೆ. ಅದೂ ಬರೀ ಈಜುವ ಬಟ್ಟೆಯ ಮಟ್ಟಿಗೆ!

ಬುಡದಿಂದ ಹೇಳುತ್ತೇನೆ, ಕೇಳಿ. ನನ್ನ ಮಗಳು ಅಂಕಿತಾ ಒಂಬತ್ತನೆಯ ಇಯತ್ತೆ. ರಜೆಗೊಮ್ಮೆ ನನ್ನ ತವರು ಶಿಗ್ಲಿಗೆ ಹೋಗಿ ತೋಟದ ಬಾವಿಗೆ ಧುಮುಕಿ ಧುಮುಕಿ ಮೀನಿನ ಮರಿಯಾಗಿದ್ದಾಳೆ. ಈ ವರ್ಷ ಊರ ಹೊರಗಿನ ಹೊಸ ಈಜುಕೊಳದಲ್ಲಿ ಜಿಲ್ಲೆಯ ಶಾಲಾ ಹುಡುಗಿಯರ ಆಯ್ಕೆ ಸ್ಪರ್ಧೆ ಇತ್ತು. ಮೊದಲ ಇಬ್ಬರು ಮುಂದಿನ ಸ್ಪರ್ಧೆಗೆ ಬೆಳಗಾವಿಗೆ ಹೋಗುತ್ತಾರೆ. ಈಜು ಕಲಿಸುವ ಸುಶ್ಮಿತಾ ಮೇಡಂ ನನಗೆ ಫೋನು ಮಾಡಿ, "ಅಕ್ಕಾರ, ನಿಮ್ಮ ಹುಡುಗಿ ನೀರಿಗೆ ಬಿದ್ರ ಸಾಕ್ರಿ, ಒಂದು ಜಾಗಾ ನಮ್ದ" ಎಂದಿದ್ದರು. ನಲ್ಲಿಗೆ ಎರಡು ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಹುಟ್ಟಿದ ಹುಡುಗಿ ಈಜಿ ಗೆಲ್ಲುತ್ತಾಳೆ ಎಂದರೆ ಸಣ್ಣ ಮಾತೇ?

ಆ ಸಂಜೆ ಅಂಕಿತಾ ಶಾಲೆಯಿಂದ ಕೊಟ್ಟ ಈಜುಡುಗೆಯನ್ನು ಪಡಸಾಲೆಯಲ್ಲಿ ಬಿಚ್ಚಿ ತೋರಿಸಿದಳು. ಶೇಂಗಾ ಒಡೆಯುತ್ತ ಕುಳಿತಿದ್ದ ಅತ್ತೆ ಕನ್ನಡಕ ಏರಿಸಿ ಕೇಳಿದರು:

"ಇದ್ಯಾರ ಬನೀನಬೇ?"

"ಬನೀನಲ್ಲ ಆಯಿ, ನಂದು ಈಸೂ ಡ್ರೆಸ್."

"ಹೌದಾ? ಚಲೋ ಆತು. ಇದರ ಮ್ಯಾಲೆ ಏನ ಹಾಕ್ಕೋತಿ?"

"ಟೊಪಗಿ."

ಅತ್ತೆಯ ಕೈಯಲ್ಲಿದ್ದ ಶೇಂಗಾ ಟಪ್ಪೆಂದು ಒಡೆಯಿತು.

ಸ್ಪರ್ಧೆಯವರ ಕಾಗದದಲ್ಲಿದ್ದ ನಿಯಮ ಮೂರು: ಭುಜ ಮುಚ್ಚಬಾರದು, ಮೊಣಕಾಲು ದಾಟಬಾರದು, ಬಟ್ಟೆ ಮೈಗೆ ಹತ್ತಿಕೊಂಡಿರಬೇಕು. ನಮ್ಮ ಅತ್ತೆಯವರ ನಿಯಮವೂ ಮೂರೇ: ಭುಜ ಕಾಣಬಾರದು, ಮೊಣಕಾಲು ಕಾಣಬಾರದು, ಬಟ್ಟೆ ಮೈಗೆ ಹತ್ತಬಾರದು. ಅತ್ತೆಯವರು ಆ ಕಾಗದ ಓದಿಯೇ ಉಲ್ಟಾ ಬರೆಸಿದರೋ ಎನ್ನುವ ಹಾಗೆ! ಮುಂದಿನ ರವಿವಾರ ಸ್ಪರ್ಧೆ. ಅಂಕಿತಾ ಹಾಸಿಗೆಗೆ ಬಿದ್ದು ಅಳುತ್ತಿದ್ದಳು. ನಾನು ಯಜಮಾನರ ಮುಖ ನೋಡಿದೆ. ಬೆಟಗೇರಿಯ ಹೆಸರಾಂತ ಜವಳಿ ವ್ಯಾಪಾರಿ ಅಂದಾನಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ನೀವರೆ ಒಂದ ಮಾತು ಹೇಳ್ರಿ ನಿಮ್ಮವ್ವಗ."

"ನಾ ಇದರಾಗ ಬರಾಂಗಿಲ್ಲ. ಒಂದ ಕಡೆ ಹಡದಾಕಿ, ಒಂದ ಕಡೆ ಕಟಗೊಂಡಾಕಿ, ನಡಕ ಹುಟ್ಟಿದಾಕಿ. ನನಗ ಅಂಗಡಿ ಐತಿ."

ಹೋದರು. ಆಗಲೇ ನನ್ನ ತಲೆಯಲ್ಲಿ ಆ ಹಾಳು ಜ್ಞಾನೋದಯವಾದದ್ದು. ಜಗತ್ತಿನ ಹೆಂಗಸರೆಲ್ಲ ಏನು ಹುಟ್ಟುತ್ತಲೇ ಈ ಬನೀನು ಹಾಕಿಕೊಂಡು ಸಮುದ್ರಕ್ಕೆ ಬಿದ್ದರೇ? ಇಲ್ಲ! ಅವರಿಗೂ ಅತ್ತೆಯರಿದ್ದರು. ಒಂದೊಂದೇ ಗೇಣು ಬಿಡಿಸಿಕೊಂಡು ಬಂದರು. ಹಾಗಾದರೆ ನಾನೂ ಮೊದಲಿನಿಂದ ಶುರುಮಾಡಿ, ದಿನಕ್ಕೆ ಇಪ್ಪತ್ತಿಪ್ಪತ್ತು ವರ್ಷ ಅತ್ತೆಯವರನ್ನು ನಡೆಸಿದರೆ ಶನಿವಾರ ಸಂಜೆಗೆ ಈ ಕಾಲ ಮುಟ್ಟುತ್ತೇವೆ!

ಮರುದಿನ ಶೇಂಗಾದ ಬುಟ್ಟಿಯ ಪಕ್ಕ ಕುಳಿತು ಫೋನಿನಲ್ಲಿ ಹಳೆಯ ಚಿತ್ರಗಳನ್ನು ತೆರೆದೆ. ಒಂದಾನೊಂದು ಕಾಲದಲ್ಲಿ, ಅಂದರೆ ಸಾವಿರದ ಎಂಟುನೂರಾ ಎಂಬತ್ತರ ಸುಮಾರಿಗೆ, ಏಳು ಸಮುದ್ರದಾಚೆ, ಬಿಳಿಯರ ದೇಶದ ಹೆಂಗಸರು ಸಮುದ್ರಸ್ನಾನಕ್ಕೆ ಹೋಗುತ್ತಿದ್ದ ಪರಿ ಹೇಳಿದೆ. ಗಾಲಿಯ ಮೇಲೊಂದು ಪುಟ್ಟ ಮನೆ. ಅದಕ್ಕೆ ಕುದುರೆ ಹೂಡುವುದು. ಹೆಂಗಸು ಒಳಗೆ ಕುಳಿತು ಬಟ್ಟೆ ಬದಲಿಸುವುದು. ಬಂಡಿ ನೀರಿನೊಳಕ್ಕೇ ಹೋಗಿ ನಿಂತಮೇಲೆ, ದಂಡೆಯವರಿಗೆ ಕಾಣದ ಹಾಗೆ ಆಚೆ ಬಾಗಿಲಿಂದ ಇಳಿಯುವುದು. ಮೈಮೇಲೆ ಕೊರಳಿನಿಂದ ಹಿಮ್ಮಡಿಯವರೆಗೆ ದಪ್ಪ ನಿಲುವಂಗಿ. ನೀರಿನಲ್ಲಿ ಅದು ಮೇಲೇಳಬಾರದೆಂದು ಅಂಚಿನೊಳಗೆ ಸೀಸದ ತುಂಡು ಹೊಲಿದಿರುತ್ತಿದ್ದರು.

ಅತ್ತೆಯವರ ಕಣ್ಣು ತುಂಬಿ ಬಂದವು.

"ಎಂಥಾ ಮನೆತನಸ್ಥ ಮಂದಿ ಶೈಲಾ! ಬಂಡ್ಯಾಗ ಕುಂತು ನೀರಿಗೆ ಇಳೀತಿದ್ರ? ನಾಳೆ ಆ ಮೇಡಂಗ ಕೇಳು, ಅಲ್ಲಿ ಎತ್ತಿನ ಬಂಡಿ ಒಳಗ ಬಿಡ್ತಾರೇನು."

"ಅತ್ತ್ಯಾರ, ಅದು ಈಸೂ ಕೊಳರಿ. ಎತ್ತು ಇಳದ್ರ ನೀರು ಬದಲಸಬೇಕಾಕ್ಕತಿ."

"ಎತ್ತು ಏನ ಹೊಲಸ ಮಾಡತೈತಿ? ಮನಷಾರ ಮಾಡೂದಕಿಂತಾ ಕಡಿಮಿ."

ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅದರ ಮರುದಿನ ಸಾವಿರದ ಒಂಬೈನೂರಾ ಐದಕ್ಕೆ ಬಂದೆವು. ಮೊಣಕಾಲು ಮುಚ್ಚುವ ಲಂಗ, ಒಳಗೆ ಚಡ್ಡಿಯಂಥ ಚೊಣ್ಣ, ಮೇಲೆ ತೋಳಿನ ಅಂಗಿ, ಕಾಲಿಗೆ ಕರಿ ಕಾಲಚೀಲ, ತಲೆಗೆ ಟೊಪಗಿ, ಸೊಂಟಕ್ಕೊಂದು ಪಟ್ಟಿ. ಅತ್ತೆ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದು ನೋಡು ಬಟ್ಟಿ! ಸ್ವಲ್ಪ ಗಿಡ್ಡ ಆತು, ಆಗಲಿ. ಕಾಲ ಬದಲಾಗತೈತಿ" ಎಂದರು. ಇಪ್ಪತ್ತೈದು ವರ್ಷ ಒಂದೇ ದಿನದಲ್ಲಿ! ನಾನು ಹುಟ್ಟಬೇಕಾದದ್ದು ದೊಡ್ಡ ಸಭೆಗಳಲ್ಲಿ ಸಂಧಾನ ಮಾಡಲಿಕ್ಕೆ ಎನಿಸಿತು.

ಅದೇ ಹುಮ್ಮಸ್ಸಿನಲ್ಲಿ ಇಪ್ಪತ್ತರ ದಶಕಕ್ಕೆ ಕಾಲಿಟ್ಟೆ. ಬಟ್ಟೆ ಗಿಡ್ಡಾಯಿತೆಂದು ದಂಡೆಯ ಮೇಲೆ ಪೊಲೀಸರು ಟೇಪು ಹಿಡಿದು ಹೆಂಗಸರ ಮೊಣಕಾಲಿನಿಂದ ಲಂಗದ ಅಂಚಿನವರೆಗೆ ಅಳೆಯುತ್ತಿದ್ದ ಚಿತ್ರ ತೋರಿಸಿದೆ. ಅತ್ತೆ ಪೊಲೀಸರ ಕಡೆಯಾಗುತ್ತಾರೆಂದು ಹೆದರಿದ್ದೆ.

"ಇವರ ಮನ್ಯಾಗ ಅವ್ವಗೋಳ ಇರಲಿಲ್ಲೇನು? ಕಂಡ ಹೆಣಮಕ್ಕಳ ಕಾಲಾಗ ಟೇಪ್ ಹಿಡಕೊಂಡು ಕುಂಡರತಾವ! ಮಾರಿ ನೋಡು ಆ ಭಾಡ್ಯಾಂದು!"

ಗೆದ್ದೆ! ಇನ್ನು ಮೂವತ್ತರ ದಶಕ. ರಬ್ಬರಿನ ಎಳೆ ಸೇರಿಸಿ ನೇಯ್ದ, ಮೈಗೆ ಹತ್ತುವ ಬಟ್ಟೆ ಬಂದ ಕಾಲ. ಹುರುಪಿನಲ್ಲಿ ಪರದೆಯ ಮೇಲೆ ಬೆರಳೆಳೆದೆ. ಬೆರಳಿಗೆ ಶೇಂಗಾದ ಎಣ್ಣೆ ಹತ್ತಿತ್ತು. ಜಾರಿತು! ಮೂವತ್ತು ಹೋಯಿತು, ನಲವತ್ತು ಹೋಯಿತು, ಚಿತ್ರ ಬಂದು ನಿಂತದ್ದು ಸಾವಿರದ ಒಂಬೈನೂರಾ ನಲವತ್ತಾರರಲ್ಲಿ. ಎರಡು ತುಂಡಿನ ಬಿಕಿನಿ!

ಅತ್ತೆ ಬಹಳ ಹೊತ್ತು ನೋಡಿದರು.

"ಉಳದ ಬಟ್ಟಿ ಎಲ್ಲೈತಿ?"

"ಅಷ್ಟರಿ, ಅತ್ತ್ಯಾರ."

"ಏನ ಹೆಸರು ಅಂದಿ ಇದಕ್ಕ?"

"ಬಿಕಿನಿ ಅಂತರಿ. ಸಮುದ್ರದಾಗ ಒಂದು ನಡುಗಡ್ಡಿ ಹೆಸರದು. ಅಲ್ಲಿ ಅಣುಬಾಂಬು ಸಿಡಿಸಿ ನೋಡಿದ್ರಂತ, ಅದ ಹೊತ್ತಿನ್ಯಾಗ ಈ ಬಟ್ಟಿಗೂ ಆ ಹೆಸರು ಇಟ್ರು."

"ಹಂಗಾರ ಬಾಂಬ್ ಬಿದ್ದ ಮ್ಯಾಲೆ ಉಳದದ್ದು ಇಷ್ಟ ಅನ್ನು."

ಬುಟ್ಟಿ ಎತ್ತಿಕೊಂಡು ಎದ್ದುಬಿಟ್ಟರು. ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು: "ಹಿಂದಕ್ಕ ನಡಿ ಶೈಲಾ. ಒಂಬೈನೂರಾ ಐದಕ್ಕ ನಡಿ. ಅಲ್ಲಿಂದ ಮುಂದ ಒಂದ ಹೆಜ್ಜಿ ನಾ ಇಡಾಂಗಿಲ್ಲ. ಹುಡುಗಿಗೆ ಅದನ್ನ ಹೊಲಸು."

ನಾಲ್ಕು ದಶಕಗಳ ಗಳಿಕೆ ಒಂದು ಶೇಂಗಾದ ಎಣ್ಣೆಯಲ್ಲಿ ಜಾರಿಹೋಯಿತು! ಮಗಳು ನನ್ನ ಜೊತೆ ಮಾತು ಬಿಟ್ಟಳು. ಸುಶ್ಮಿತಾ ಮೇಡಂ, "ಅಕ್ಕಾರ, ಲಂಗಾ ಹಾಕ್ಕೊಂಡು ಬಂದ್ರ ನಾ ಹೆಸರು ಹೊಡದ ಹಾಕಬೇಕಾಕ್ಕತಿ" ಎಂದರು. ಆದರೂ ನನಗೊಂದು ಆಸೆ. ಅತ್ತೆ ಹೇಳಿದಂತೆಯೇ ಹೊಲಿಸೋಣ. ಅದರಲ್ಲಿ ಈಜುವುದು ಎಷ್ಟು ಕಷ್ಟವೆಂದು ಕಣ್ಣಾರೆ ಕಂಡರೆ ತಾವೇ ಮುಂದಿನ ಕಾಲಕ್ಕೆ ನಡೆದು ಬರುತ್ತಾರೆ. ಎಂಥ ಉಪಾಯ! ಉಪಾಯ ಫಲಿಸಿತು ಕೂಡ. ಅದೇ ದುರಂತ.

ಬಟ್ಟೆ ನಮ್ಮ ಅಂಗಡಿಯದೇ. ಕೈಮಗ್ಗದಿಂದ ಆಗಷ್ಟೇ ಇಳಿದ ದಟ್ಟ ಕೆಂಪು ಬಟ್ಟೆ. ಗಂಜಿ ಎಷ್ಟು ಜೋರಾಗಿತ್ತೆಂದರೆ ನೆಲಕ್ಕಿಟ್ಟರೆ ತಾನೇ ಎದ್ದು ನಿಲ್ಲುತ್ತಿತ್ತು. "ಬಣ್ಣ ಹ್ಯಾಂಗ್ರಿ?" ಎಂದು ಯಜಮಾನರನ್ನು ಕೇಳಿದೆ. ಅವರ ಮೀಸೆ ಕುಣಿಯಿತು.

"ಏನ ಕೇಳತಿ? ಇಡೀ ಗದಗ ಜಿಲ್ಲಾಕ್ಕ ಗೊತ್ತೈತಿ. ಅಂದಾನಪ್ಪನ ಅಂಗಡಿ ಬಟ್ಟಿ ಹರೀಬಹುದು, ಬಣ್ಣ ಹೋಗೂದಿಲ್ಲ!"

ಪ್ಲಾಸ್ಟಿಕ್ ನಿಂತಮೇಲೆ ಅವರು ಗಿರಾಕಿಗಳಿಗೆ ಕೊಡಲೆಂದು ಬಿಳಿ ಬಟ್ಟೆಯ ಕೈಚೀಲ, ಅಂದರೆ ಪಿಶವಿಗಳನ್ನು ಹೊಲಿಸಿದ್ದರು. ಅವುಗಳ ಮೇಲೂ ದಪ್ಪ ನೀಲಿ ಅಕ್ಷರದಲ್ಲಿ ಇದೇ ಮಾತು: "ಅಂದಾನಪ್ಪ ಜವಳಿ ಅಂಗಡಿ, ಬೆಟಗೇರಿ. ಬಣ್ಣ ಬಿಡೋದಿಲ್ಲ, ಖಾತ್ರಿ!"

ಹೊಲಿಯುವವಳು ಹಿಂದಿನ ಓಣಿಯ ದಿಲಶಾದಬಿ. ನನ್ನ ಗೆಳತಿ, ಅಳತೆಗಿಂತ ಮಾತೇ ಹೆಚ್ಚು ಉದ್ದ. ಫೋನಿನ ಚಿತ್ರ ನೋಡಿ ಬಿದ್ದು ಬಿದ್ದು ನಕ್ಕಳು.

"ಯಾ ಅಲ್ಲಾ! ಅಕ್ಕಾರ, ಇದನ್ನ ಹಾಕ್ಕೊಂಡು ನೀರಿಗೆ ಇಳೀತಾರೋ, ಮದವಿಗೆ ಹೋಗ್ತಾರೋ? ಅಂಚಿಗೆ ಏನೋ ಭಾರ ಹಾಕಬೇಕು ಅಂದ್ರಲ್ಲ?"

"ಭಾರಾ ಬ್ಯಾಡವಾ. ಯಾರರೆ ಮುಳಗಿಗಿಳಗ್ಯಾರು."

"ಬಟ್ಟಿ ಸಾಲಂಗಿಲ್ರಿ. ಲಂಗಕ್ಕ, ಅಂಗಿಗೆ ಆತು. ಒಳಗಿನ ಚೊಣ್ಣಕ್ಕ?"

"ಮನ್ಯಾಗ ಏನೈತೋ ಅದನ್ನ ಹಾಕು. ಒಳಗಿಂದು ಯಾರ ನೋಡ್ತಾರ?"

ಆಹಾ, ಈ ಮಾತನ್ನು ಆಡಿದ ನಾಲಿಗೆಗೆ ಬರೆ ಹಾಕಬೇಕು! ತರಕಾರಿ ತರಲೆಂದು ನಾನು ಕೊಟ್ಟಿದ್ದ ನಮ್ಮ ಅಂಗಡಿಯ ಪಿಶವಿ ಎರಡು ಅವಳ ಮನೆಯಲ್ಲಿದ್ದವು.

ಬುಧವಾರ ಉಡುಗೆ ತಯಾರಾಯಿತು. ಅಂಕಿತಾ ಬಾಗಿಲಿಗೆ ಅಗುಳಿ ಹಾಕಿಕೊಂಡು ಒಳಗಿಂದಲೇ ಕೂಗಿದಳು: "ಮಮ್ಮೀ, ಅಷ್ಟು ಚಂದ ಇದ್ರ ನೀನ ಹಾಕ್ಕೋ!"

ಅತ್ತೆ ಅರೆಗಳಿಗೆ ಯೋಚಿಸಿ, "ಖರೆ ಐತಿ. ಮೊದಲ ಅವ್ವ ಇಳೀಲಿ, ಆಮ್ಯಾಲೆ ಮಗಳು. ನಾಳೆ ಹೆಣ್ಮಕ್ಕಳ ಹೊತ್ತಿನ್ಯಾಗ ನಾನೂ ಬರತೇನಿ" ಎಂದರು. ಬರಲಿ, ನನಗೇನು ಭಯ? ಶಿಗ್ಲಿಯ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವಳು ನಾನು! ಬೆಂಡು ಬಿಚ್ಚಿ ಈಜಿರಲಿಲ್ಲ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಮರುದಿನ ಹೊರಡುವ ಮುಂದೆ ಉಡುಗೆಯನ್ನು ಒಮ್ಮೆ ನೀರಲ್ಲಿ ಅದ್ದಿ ತೆಗೆಯೋಣವೆಂದು ಬಕೀಟಿಗೆ ಕೈಹಾಕಿದೆ. ಅತ್ತೆ ಹೌಹಾರಿದರು.

"ಏ, ಏ! ಹೊಸಾ ಬಟ್ಟಿ ತೊಳದು ಹಾಕ್ಕೋತಾರೇನು? ಈ ಮನ್ಯಾಗ ಹಂಗ ನಡದಿಲ್ಲ. ಕೋರಾ ಬಟ್ಟಿ ಕೋರಾನ ಮೈಮ್ಯಾಲೆ ಬೀಳಬೇಕು. ಆಮ್ಯಾಲೆ ನೀರು."

"ಅತ್ತ್ಯಾರ, ಇದು ನೀರಾಗ ಹಾಕ್ಕೊಳ್ಳೂ ಬಟ್ಟೀರಿ!"

"ನೀರಾಗ ಆಮ್ಯಾಲೆ ಇಳಿ. ಮೊದಲ ಹಾಕ್ಕೋ."

ನೇಕಾರರ ಜೊತೆ ತಲೆಮಾರುಗಳಿಂದ ವ್ಯಾಪಾರ ಮಾಡಿದ ಮನೆ. ಕೋರಾ, ಅಂದರೆ ಗಂಜಿ ಮುರಿಯದ ಹೊಸ ಬಟ್ಟೆ, ನಮಗೆ ಲಕ್ಷ್ಮಿ. ಅತ್ತೆ ಅದನ್ನು ಜಗುಲಿಯ ದೇವರ ಮುಂದಿಟ್ಟು, ನಾಲ್ಕೂ ಮೂಲೆಗೆ ಅರಿಶಿಣ ಕುಂಕುಮ ಹಚ್ಚಿ, ನನ್ನ ಕೈಗಿತ್ತರು. ನಾನು ನಮಸ್ಕಾರ ಮಾಡಿ ತೊಟ್ಟುಕೊಂಡೆ. ಮೇಲೊಂದು ಸೀರೆ ಸುತ್ತಿಕೊಂಡು, ಅತ್ತೆ ಮತ್ತು ಅಂಕಿತಾಳ ಜೊತೆ ಆಟೋ ಹತ್ತಿದೆ. ಗಂಜಿಯ ಬಿಗಿಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಕೊಳದವರೆಗೂ ಕಂಬಿ ಹಿಡಿದು ಬಾಗಿಕೊಂಡೇ ಹೋದೆ.

ಕೊಳದಲ್ಲಿ ಹತ್ತಾರು ಹೆಂಗಸರಿದ್ದರು. ದಂಡೆಯ ಮೇಲೆ ಅತ್ತೆಯವರಿಗೊಂದು ಕುರ್ಚಿ ಹಾಕಿಕೊಟ್ಟರು. ನಾನು ಸೀರೆ ತೆಗೆದೆ. ಎಲ್ಲರೂ ಈಜು ನಿಲ್ಲಿಸಿದರು. ಆ ಕಡೆ ಮೂಲೆಯಿಂದ, "ಯಾವ ನಾಟಕದ ಕಂಪನೀರಿ?" ಎಂದು ಒಂದು ದನಿ ಬಂತು. ನಾನು ರಾಣಿಯ ಹಾಗೆ ಮೆಟ್ಟಿಲಿಳಿದೆ. ಒಂದು ಮೆಟ್ಟಿಲು. ಎರಡು. ನೀರು ಸೊಂಟಕ್ಕೆ ಬಂತು.

ಲಂಗ ಬರಲಿಲ್ಲ.

ಲಂಗ ನೀರಿನ ಮೇಲೆಯೇ ನಿಂತುಕೊಂಡಿತು! ಗಂಜಿಯ ಬಿಗಿಗೆ ಛತ್ರಿಯ ಹಾಗೆ ಸುತ್ತಲೂ ಅರಳಿತು. ನಾನು ಒತ್ತಿದೆ. ಈ ಕಡೆ ಒತ್ತಿದರೆ ಆ ಕಡೆ ಎದ್ದಿತು. ಆ ಕಡೆ ಒತ್ತಿದರೆ ಹಿಂದೆ ಎದ್ದಿತು. ಹಿಂದೆ ತಿರುಗಿದವಳು ಕಾಲು ಜಾರಿ ಮುಂದಕ್ಕೆ ಬಿದ್ದೆ. ಲಂಗವೆಲ್ಲ ತಲೆಯ ಮೇಲೆ ಬಂದು ಗುಡಾರದ ಹಾಗೆ ಮುಚ್ಚಿತು. ಒಳಗೆ ಕತ್ತಲು, ನೀರು, ಅರಿಶಿಣದ ವಾಸನೆ. ಹೊರಗೆ, ಜಗತ್ತಿನ ಕಣ್ಣಿಗೆ, ಆಕಾಶಮುಖಿಯಾಗಿ ನನ್ನ ಚೊಣ್ಣ!

ಈಜಲು ಬಂದಿದ್ದ ಕನ್ನಡ ಶಾಲೆಯ ವಿದ್ಯಾಶ್ರೀ ಟೀಚರು, ಮಕ್ಕಳಿಗೆ ಓದಿಸಿ ಅಭ್ಯಾಸವಾದ ಗಂಟಲಿನಲ್ಲಿ, ಬಿಡಿಸಿ ಬಿಡಿಸಿ ಓದಿದ್ದು ನೀರೊಳಗೂ ಕೇಳಿಸಿತು:

"ಬಣ್ಣ... ಬಿಡೋದಿಲ್ಲ... ಖಾತ್ರಿ!"

ಅವರು 'ಖಾತ್ರಿ' ಎನ್ನುವಾಗಲೇ ಬಣ್ಣ ಬಿಟ್ಟಿತು. ಮೊದಲು ನನ್ನ ಸುತ್ತ ಕೆಂಪನೆಯ ಎಳೆಗಳು. ಆಮೇಲೆ ಕೆಂಪು ಮೋಡ. ಅದರ ಹಿಂದೆಯೇ ಗಂಜಿ ಕರಗಿ ಬೆಳ್ಳಗೆ ಹರಡಿತು. ಕೊಳ ಗುಲಾಬಿ ಬಣ್ಣದ ಅಂಬಲಿಯಾಯಿತು. ಹೆಂಗಸರು ಕಿರುಚುತ್ತ ದಂಡೆ ಹತ್ತಿದರು. ನಾನು ಗುಡಾರದೊಳಗಿಂದ "ಯವ್ವಾ! ಮುಳಗಿದೆ! ಯಾರರೆ ಹಿಡೀರಿ!" ಎಂದು ಬೊಬ್ಬೆ ಹೊಡೆದೆ.

ಸುಶ್ಮಿತಾ ಮೇಡಂ ಮೇಲಿನಿಂದ ಕೂಗಿದರು: "ಅಕ್ಕಾರ, ಎದ್ದ ನಿಂದರ್ರಿ! ಅಲ್ಲಿ ಎದಿಮಟ ನೀರೈತಿ!"

ಎದ್ದು ನಿಂತೆ. ತಲೆಯಿಂದ ಕೆಂಪು ಇಳಿಯುತ್ತಿತ್ತು. ಯಾರೋ ನಕ್ಕರು. ಆಮೇಲೆ ನಗದೆ ಉಳಿದವರು ಇಬ್ಬರೇ, ನಾನು ಮತ್ತು ನನ್ನ ಮಗಳು. ಅವಳು ದಂಡೆಯ ಮೇಲೆ ನಿಂತು ಹಾಳಾದ ನೀರನ್ನೇ ನೋಡುತ್ತಿದ್ದಳು. ಎತ್ತು ಇಳಿದಿದ್ದರೂ ಕೊಳ ಇಷ್ಟು ಕೆಡುತ್ತಿರಲಿಲ್ಲ!

ಮನೆಗೆ ಬಂದಮೇಲೆ ಅತ್ತೆ ಸೀದಾ ಅಂಕಿತಾಳ ಕಪಾಟಿಗೆ ಹೋಗಿ ಆ "ಬನೀನು" ತೆಗೆದರು. ಎರಡೂ ಕೈಯಿಂದ ಎಳೆದು ನೋಡಿದರು, ಬಿಟ್ಟರು. ಅದು ಚಟ್ಟನೆ ತನ್ನ ಜಾಗಕ್ಕೆ ಬಂತು.

"ಇದು ನೀರಾಗ ಮ್ಯಾಲೆ ಏಳತೈತೇನವಾ?"

"ಇಲ್ಲ ಆಯಿ. ಇದ್ದಲ್ಲೆ ಇರತೈತಿ."

"ಮತ್ತ? ಬಟ್ಟಿ ಅಂದ್ರ ಇದ್ದಲ್ಲೆ ಇರಬೇಕು. ನಿಮ್ಮವ್ವನ ಮೈಮ್ಯಾಲೆ ಒಂದ ಥಾನ ಬಟ್ಟಿ ಇತ್ತು, ಬೇಕಾದ ಹೊತ್ತಿಗೆ ಒಂದ ಗೇಣು ಕೆಲಸಕ್ಕ ಬರಲಿಲ್ಲ. ಇದು ಒಂದ ಗೇಣ ಐತಿ, ಆದ್ರ ನಿಯತ್ತಿನ ಬಟ್ಟಿ. ಇದನ್ನ ಹಾಕ್ಕೋ."

ಕೇಳಿದಿರಾ? ಒಂಬೈನೂರಾ ಐದರಿಂದ ಈ ಕಾಲಕ್ಕೆ ಒಂದೇ ಜಿಗಿತ! ನಾನು ಹಿಗ್ಗಿ ಎದ್ದು ನಿಲ್ಲುವಷ್ಟರಲ್ಲಿ ಫೋನು ಬಡಿಯಿತು. ಸುಶ್ಮಿತಾ ಮೇಡಂ.

"ಅಕ್ಕಾರ, ಕೊಳ ಖಾಲಿ ಮಾಡಾಕತ್ತೇವ್ರಿ. ತಿಕ್ಕಿ ತೊಳೀಬೇಕು. ಆಯ್ಕೆ ಒಂದು ವಾರ ಮುಂದ ಹಾಕ್ಯಾರ. ಅಷ್ಟರೊಳಗ ಕೊಳ ತುಂಬದಿದ್ರ ಈ ವರ್ಷ ನಮ್ಮ ಜಿಲ್ಲಾದಿಂದ ಯಾರನ್ನೂ ಕಳಸೂದಿಲ್ಲಂತ."

ಅತ್ತೆ ಒಪ್ಪಿದ ದಿನವೇ ಕೊಳದಲ್ಲಿ ನೀರಿಲ್ಲ! ಮುಂಡರಗಿ ಕಡೆಯಿಂದ ಪೈಪಿನಲ್ಲಿ ಹೊರಟ ತುಂಗಭದ್ರೆ ನಮ್ಮ ಅಡಿಗೆಮನೆಗೇ ದಾರಿ ತಪ್ಪಿ ಬರುತ್ತಾಳೆ, ಇನ್ನು ಆ ಕೊಳಕ್ಕೆ ಯಾವಾಗ ಬಂದಾಳು? ನನ್ನೊಬ್ಬಳ ಮಗಳದಷ್ಟೇ ಅಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎಲ್ಲ ಹುಡುಗಿಯರ ದಾರಿಯನ್ನೂ ನಾನು ಗಂಜಿಯಲ್ಲಿ ಅದ್ದಿಬಿಟ್ಟಿದ್ದೆ. ಆ ದಿನಗಳಲ್ಲಿ ಅಂಕಿತಾ ಊಟಕ್ಕೆ ಕೂತರೆ ನನ್ನ ಕಡೆ ಬೆನ್ನು ಮಾಡಿ ಕೂಡುತ್ತಿದ್ದಳು.

ಯಜಮಾನರ ಪಾಡು ಇನ್ನೊಂದು. ಅಂಗಡಿಗೆ ಬಂದವರೆಲ್ಲ ಸೀರೆ ನೋಡುವ ಮೊದಲು ನೀರು ಕೇಳತೊಡಗಿದರು. ಕುಡಿಯಲಿಕ್ಕಲ್ಲ, ಸೆರಗು ಅದ್ದಿ ನೋಡಲಿಕ್ಕೆ! ರಾತ್ರಿ ಊಟಕ್ಕೆ ಬಂದು ಅವರು ತಟ್ಟೆಗೇ ಹೇಳುವ ಹಾಗೆ ಹೇಳಿದರು:

"ಮೂವತ್ತ ವರ್ಷ ಕಟ್ಟಿದ ಹೆಸರು. ಬರದದ್ದೂ ಎಲ್ಲಿ? ಎಲ್ಲಾ ಬಿಟ್ಟು ಅಲ್ಲಿ!"

ಆದರೂ ಮಗಳ ಅಪ್ಪ ತಾನೇ? ಕಳಸಾಪುರದಲ್ಲಿ ಬೋರ್‌ವೆಲ್ ಇದ್ದ ಗಿರಾಕಿಯೊಬ್ಬರ ಕೈಕಾಲು ಹಿಡಿದು ಟ್ಯಾಂಕರಿನಲ್ಲಿ ನೀರು ತರಿಸುವ ಏರ್ಪಾಡು ಮಾಡಿದರು. ಮೊದಲ ಟ್ಯಾಂಕರು ದಾರಿ ತೋರಿಸೆಂದು ನಮ್ಮ ಓಣಿಗೆ ಬಂತು. ಅಯ್ಯೋ, ಎರಡು ವಾರ ನಲ್ಲಿ ಒಣಗಿದ ಓಣಿಗೆ ಟ್ಯಾಂಕರು ಬಂದರೆ ಏನಾದೀತು! ಕ್ಷಣಾರ್ಧದಲ್ಲಿ ಕೊಡ, ಬಕೀಟು, ಹಂಡೆ, ಪಾತೇಲಿಗಳ ಸೈನ್ಯ ಮುತ್ತಿತು.

"ತಡೀರಿ! ಇದು ಈಸೂ ನೀರು!" ಎಂದು ಅಡ್ಡ ನಿಂತೆ.

"ನಿಮ್ಮ ಹುಡುಗಿ ಈಸೂದು ಹೆಚ್ಚೋ, ನಮ್ಮ ಮಕ್ಕಳ ಬಾಯಾರಿಕಿ ಹೆಚ್ಚೋ? ಹೇಳ್ರಿ ನೋಡೂಣು!" ಎಂದಳು ದಿಲಶಾದಬಿ. ಎಲ್ಲರಿಗಿಂತ ದೊಡ್ಡ ಹಂಡೆ ಅವಳದೇ. ಮೊದಲ ಟ್ಯಾಂಕರು ಅಲ್ಲಿಯೇ ಖಾಲಿಯಾಯಿತು. ನಾನೂ ಮನೆಗೆ ಎರಡು ಕೊಡ ತುಂಬಿಸಿಕೊಂಡೆ, ಸುಳ್ಳೇಕೆ?

ಕೊಳಕ್ಕೆ ಹೋಗಲಿಕ್ಕೂ ನಮ್ಮ ಓಣಿಯೇ ದಾರಿ. ಎರಡನೆಯ ಟ್ಯಾಂಕರು ಬಂದಾಗ ಸೈನ್ಯ ಮತ್ತೆ ಎದ್ದಿತು. ಆಗ ಚಾಲಕನ ಪಕ್ಕದ ಸೀಟಿನಿಂದ ಒಂದು ಬೆಳ್ಳಿ ಕಡಗದ ಕೈ ಹೊರಗೆ ಬಂತು. ಅತ್ತೆ! ಯಾರಿಗೂ ಹೇಳದೆ ಕಳಸಾಪುರಕ್ಕೇ ಹೋಗಿ ಟ್ಯಾಂಕರು ಏರಿ ಬಂದಿದ್ದರು.

"ಹಿಡಕೋರಿ ತಂಗೀ, ಎಷ್ಟ ಬೇಕು ಅಷ್ಟ ಹಿಡಕೋರಿ! ನಮ್ಮ ಅಂದಾನಪ್ಪನ ಅಂಗಡಿ ಸೀರಿ ತೊಳದ ನೀರದು!"

ಓಣಿ ಖಾಲಿ! ಒಂದೇ ಉಸಿರಿಗೆ ಕೊಡಗಳೆಲ್ಲ ಬಾಗಿಲೊಳಗೆ ಹೋದವು. ಯಜಮಾನರು ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತರು. "ಯವ್ವಾ, ನೀನೂನ?" ಎಂದಷ್ಟೇ ಅಂದರು. ಅತ್ತೆ ಕಿಟಕಿಯಿಂದ, "ಹೆಸರು ಮತ್ತ ಕಟ್ಟಬಹುದು ಮಗನ, ಹುಡುಗಿ ವಯಸ್ಸು ಮತ್ತ ಬರೂದಿಲ್ಲ. ಏ ಡ್ರೈವರಪ್ಪಾ, ಬಿಡು ಗಾಡಿ!" ಎಂದರು. ಹೀಗೇ ಸುಳ್ಳು ಹೇಳುತ್ತ ಹೇಳುತ್ತ ಟ್ಯಾಂಕರಿನ ಮೇಲೆ ಟ್ಯಾಂಕರು ಸಾಗಿಸಿ, ಸ್ಪರ್ಧೆಯ ಹಿಂದಿನ ಸಂಜೆಗೆ ಕೊಳ ತುಂಬಿಸಿಯೇ ಬಿಟ್ಟರು.

ರವಿವಾರ ಮುಂಜಾನೆ ಮೂವರೂ ಹೊಸ ಹುರುಪಿನಲ್ಲಿ ಹೋದೆವು. ಅಂಕಿತಾ ನನ್ನ ಕೈಹಿಡಿದಿದ್ದಳು. ಎಷ್ಟೋ ದಿನದ ಮೇಲೆ ಮೊದಲ ಸಲ ಮಾತಾಡಿ, "ಮಮ್ಮಿ, ನೀ ದಂಡಿ ಮ್ಯಾಲೆ ನನಗ ಕಾಣೂ ಹಂಗ ನಿಂದರು" ಎಂದಳು. ನನ್ನ ಕಣ್ಣು ತುಂಬಿದವು. ಗೇಟಿನಲ್ಲಿ ಕಾವಲುಗಾರ ಮೊಹಸಿನ ಎದ್ದು ನಿಂತ. ಅಂಕಿತಾಳನ್ನು ಬಿಟ್ಟ. ಅತ್ತೆಯನ್ನು ಕೈಹಿಡಿದು ಒಳಗೆ ಕಳಿಸಿದ. ನನಗೆ ಮಾತ್ರ ಅಡ್ಡ ಕೋಲು ಹಾಕಿದ.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಮಾಲಕರು ಹೇಳ್ಯಾರ. ಕೊಳದಾಗ ನೀರು ಇರೂತನಕಾ ನಿಮ್ಮನ್ನ ಒಳಗ ಬಿಡಬಾರದಂತ."

"ನಾ ಬರೇ ನೋಡಾಕ ಬಂದೇನೋ! ಸೀರಿ ಉಟಗೊಂಡೇನಿ ನೋಡು!"

"ಅದರಿ. ಸೀರಿ ನಿಮ್ಮ ಅಂಗಡೀದ ಅಲ್ಲೇನ್ರಿ? ಕೊಳದ ಸಮೀಪ ಬ್ಯಾಡ್ರಿ. ಬೋರ್ಡ್ ಓದ್ರಿ."

ಗೋಡೆಯ ಮೇಲೆ ಹೊಸ ಫಲಕ. ಉಗುಳಬಾರದು. ಎಣ್ಣೆ ಹಚ್ಚಿಕೊಂಡು ಇಳಿಯಬಾರದು. ಅದರ ಕೆಳಗೆ ಇನ್ನೂ ಒಣಗದ ಅಕ್ಷರಗಳಲ್ಲಿ: "ಕೋರಾ ಬಟ್ಟೆ, ಗಂಜಿ ಬಟ್ಟೆ, ಅರಿಶಿಣ ಕುಂಕುಮ ಹಚ್ಚಿದ ಬಟ್ಟೆ ತೊಟ್ಟು ಕೊಳಕ್ಕೆ ಇಳಿಯುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ." ಓದಲು ಬಾರದವರಿಗಾಗಿ ಪಕ್ಕದಲ್ಲೊಂದು ಚಿತ್ರ. ತಲೆಕೆಳಗಾದ ಒಬ್ಬ ದಪ್ಪ ಹೆಂಗಸು, ಛತ್ರಿಯ ಹಾಗೆ ಲಂಗ, ಮೇಲೆ ಎರಡು ಕಾಲು, ಅಡ್ಡಕ್ಕೊಂದು ಕೆಂಪು ಗೀಟು.

"ಚಿತ್ರಾ ನಾನ ತಗದೇನ್ರಿ ಅಕ್ಕಾರ" ಎಂದ ಮೊಹಸಿನ ನಾಚಿಕೊಂಡು. "ನಾ ಕಣ್ಣಲೆ ನೋಡಿಲ್ರಿ. ಮಂದಿ ಹೇಳಿದ್ದು ಕೇಳಿ ತಗದೇನಿ. ಹೋಲತೈತೇನ್ರಿ?"

ಬಟ್ಟೆ ಕಡಿಮೆಯಾಯಿತೆಂದು ಹೆಂಗಸರನ್ನು ದಂಡೆಯಿಂದ ಓಡಿಸಿದ್ದುಂಟು. ಟೇಪು ಹಿಡಿದು ಅಳೆದದ್ದುಂಟು. ಬಟ್ಟೆ ಹೆಚ್ಚಾಯಿತೆಂದು ಗೇಟಿನ ಹೊರಗೆ ನಿಲ್ಲಿಸಿಕೊಂಡವಳು, ನನಗೆ ಗೊತ್ತಿದ್ದ ಮಟ್ಟಿಗೆ, ನಾನೊಬ್ಬಳೇ!

ಗೋಡೆ ಎತ್ತರ. ಒಳಗೆ ಸೀಟಿ ಊದಿದರು. ಧಡ್ ಧಡ್ ಎಂದು ನೀರಿಗೆ ಬಿದ್ದ ಸದ್ದು. ಮಂದಿ ಕೂಗಿದರು. ಯಾರ ಹೆಸರು ಕೂಗಿದರೋ ತಿಳಿಯಲಿಲ್ಲ. ನನ್ನನ್ನು ದಂಡೆಯ ಮೇಲೆ ಹುಡುಕಿ ಹುಡುಕಿ ನನ್ನ ಮಗಳು ಎಲ್ಲಿ ಹಿಂದೆ ಬೀಳುತ್ತಾಳೋ ಎಂದು ನಾನು ಆ ಚಿತ್ರದ ಪಕ್ಕದಲ್ಲೇ ಗೋಡೆಗೆ ತಲೆಯಾನಿಸಿ ನಿಂತೆ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಹೊರಗೆ ಬಂದರು. ಹಿಂದೆಯೇ ಒದ್ದೆ ಕೂದಲಿನ ಅಂಕಿತಾ ಓಡಿಬಂದು ನನ್ನನ್ನು ತಬ್ಬಿಕೊಂಡಳು. ನನ್ನ ಸೀರೆಯ ಬಣ್ಣ ಅವಳ ಬಿಳಿ ಟವೆಲಿಗೆ ಹತ್ತಿತು.

"ಎರಡನೇದಾಕಿ ಬಂದ್ಲು! ಬೆಳಗಾವಿಗೆ ಹೊಂಟ್ಲು!" ಎಂದರು ಅತ್ತೆ. "ಅಲ್ಲಿ ಕುಂತ ಅವ್ವಗೋಳಿಗೆಲ್ಲ ಹೇಳಿ ಬಂದೆ, ಲಂಗಾ ಗಿಂಗಾ ಎಲ್ಲಾ ಒಂಬೈನೂರಾ ಐದರ ಮಾತು, ಈಗ ಹಾಕ್ಕೊಂಡ್ರ ಮಂದಿ ನಗತಾರಂತ. ನೀ ಯಾಕ ಒಳಗ ಬರಲಿಲ್ಲ?"

ನಾನು ಫಲಕ ತೋರಿಸಿದೆ. ಅತ್ತೆ ಕನ್ನಡಕ ಏರಿಸಿದರು. ಚಿತ್ರವನ್ನು ದೂರದಿಂದ ನೋಡಿದರು, ಹತ್ತಿರ ಹೋಗಿ ನೋಡಿದರು. ಇಷ್ಟಾದರೂ ನನ್ನ ಅತ್ತೆ, ನನ್ನ ಪರವಾಗಿ ಒಂದು ಮಾತು ಜಗಳ ತೆಗೆದಾರು ಎಂದು ಕಾದೆ.

"ಏ ಮೊಹಸಿನಾ, ಚಲೋ ತಗದೀಯಪಾ. ಥೇಟ ನಮ್ಮ ಶೈಲಾನ" ಎಂದರು. "ಆದ್ರ ಒಂದ ತಪ್ಪಾಗೈತಿ ನೋಡು. ಚೊಣ್ಣದ ಮ್ಯಾಲಿನ ಅಕ್ಷರಾ ಬಿಟ್ಟೀದಿ!"